ಹಾಸು ಎಳೆಯುವಷ್ಟು ಬೀದಿ

ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತಿದೆ. ನಮ್ಮಜ್ಜಿ ಗುಂಡಮ್ಮ ಬದುಕಿದ್ದು ಬಾಯಿಯಿಂದಲ್ಲ, ಹಟದಿಂದ. ಅವಳ ಮೂಗು, ಅವಳ ಬಣ್ಣ, ಅವಳ ಸಿಟ್ಟು ಎಲ್ಲವೂ ನನಗೆ ಬಂದಿವೆ ಎಂದು ನೋಡಿದವರು ಹೇಳುತ್ತಾರೆ. ಹಟದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ, ಅದೊಂದೇ ನನಗೆ ಬೇಜಾರು. ಅವಳ ಈ ಕಥೆಯನ್ನು ನನಗೆ ಹೇಳಿದವನು ನನ್ನ ತಂದೆ ಕಾಶಪ್ಪ. ಅವನು ನುಂಗಿಕೊಂಡ ಭಾಗಗಳನ್ನು ಅಜ್ಜಿಯೇ ಬಿಡಿಸಿ ಹೇಳಿದಳು.

ಜಹೀರಾಬಾದಿಗೆ ಇನ್ನೂ ರೈಲು ಬಾರದ ಕಾಲದಲ್ಲಿ ಊರಿನ ಹೊರಗೆ ಹನ್ನೆರಡು ಕುರುಬರ ಮನೆಗಳಿದ್ದವು. ಆರು ಈ ಕಡೆ, ಆರು ಆ ಕಡೆ, ನಡುವೆ ಅಗಲವಾದ ಉದ್ದನೆಯ ಬೀದಿ. ಬಡವರಿಗೆ ಅಷ್ಟು ದೊಡ್ಡ ಬೀದಿ ಯಾಕೆ ಎಂದು ಹೊಸಬರು ಕೇಳುತ್ತಿದ್ದರಂತೆ. ಕಂಬಳಿ ನೇಯುವವರನ್ನು ಕಂಡಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಮಗ್ಗಕ್ಕೆ ಏರಿಸುವ ಮೊದಲು ಉಣ್ಣೆಯ ನೂಲನ್ನು ಬೀದಿಯುದ್ದಕ್ಕೂ ಎಳೆದು ಬಿಗಿಯಬೇಕು. ಹುಣಸೆ ಬೀಜದ ಗಂಜಿ ಬಳಿದು, ಕುಂಚದಿಂದ ಎಳೆ ಎಳೆ ತಿದ್ದಿ, ಬಿಸಿಲಿಗೆ ಒಣಗಲು ಬಿಡಬೇಕು. ಇದೇ ಹಾಸು. ತುದಿಗಳನ್ನು ಇಬ್ಬರು ಹಿಡಿದರೆ ನಡುವೆ ಗಂಜಿ ಬಳಿಯಲು ಮತ್ತೆ ನಾಲ್ಕು ಜನ ಬೇಕು. ಒಂದೇ ಮನೆಯವರಿಂದ ಆಗುವ ಕೆಲಸವಲ್ಲ ಅದು. ಇವತ್ತು ನಿಮ್ಮ ಹಾಸು ಎಳೆಯಲು ನಾವು, ನಾಳೆ ನಮ್ಮ ಹಾಸು ಎಳೆಯಲು ನೀವು. ಹಾಗಾಗಿ ಆ ಓಣಿಯಲ್ಲಿ ಯಾರೂ ಯಾರ ಜೊತೆಗೂ ಬಹಳ ದಿನ ಜಗಳ ಕಾಯುವಂತಿರಲಿಲ್ಲ.

ಜಾಗ ನಮ್ಮದಲ್ಲ, ಧಾನ್ಯದ ವ್ಯಾಪಾರಿ ಶಿವಶಂಕರಪ್ಪನವರದು. ಪಾಳು ಬಿದ್ದ ನೆಲಕ್ಕೆ ಕುರಿಗಳು ಬಂದರೆ ಪಕ್ಕದ ಹೊಲಕ್ಕೆ ಗೊಬ್ಬರವಾದರೂ ಆದೀತು ಎಂದು ಅವರೇ ಕರೆದು ಕೂರಿಸಿದ್ದರು. ಬಾಡಿಗೆ ಎಂದರೆ ಮನೆಗೊಂದು ಕಂಬಳಿ. ಮಹಾನವಮಿಯ ದಿನ ಓಣಿಯವರೆಲ್ಲ ಸಾಹುಕಾರರ ಮನೆಗೆ ಹೋಗಬೇಕು. ಓಣಿಯ ಹಿರಿಯ ಹೆಂಗಸು ಅವರ ಪಡಸಾಲೆಯಲ್ಲಿ ಕಂಬಳಿ ಹಾಸಬೇಕು, ಸಾಹುಕಾರರು ಅದರ ಮೇಲೆ ಕೂತು ವೀಳ್ಯ ಕೊಡಬೇಕು. ಕೂತರೆ ಮುಂದಿನ ಮಹಾನವಮಿಯವರೆಗೆ ಆ ಮನೆಯ ಸುದ್ದಿಗೆ ಯಾರೂ ಬರುವಂತಿಲ್ಲ. ಕಾಗದ ಇಲ್ಲ, ಪತ್ರ ಇಲ್ಲ. ಕಂಬಳಿಯ ಮೇಲೆ ಕೂತು ಆಡಿದ ಮಾತಿಗೆ ತಪ್ಪುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗೂ ಇರಲಿಲ್ಲ. ನಮ್ಮಜ್ಜಿಗೆ ಗಂಡ ಬೇಗ ತೀರಿಕೊಂಡ. ಓಣಿಯ ಹಿರಿತನ ಅವಳ ಪಾಲಿಗೆ ಬೇಗ ಬಂತು.

ಆಮೇಲೆ ನಿಜಾಮರ ರೈಲು ಬಂತು. ಸ್ಟೇಷನ್ನು ಎಲ್ಲಿ ಬಂತು ಅಂತೀರಿ? ಸರಿಯಾಗಿ ನಮ್ಮ ಓಣಿಯ ಬೆನ್ನಿಗೆ. ಹಿಂದೆಯೇ ಗಂಜು ಎಂಬ ಸಗಟು ಪೇಟೆ ಬಂತು, ಬೆಲ್ಲದ ಅಡತಿ ಅಂಗಡಿಗಳು ಬಂದವು, ಹೈದರಾಬಾದಿನಿಂದ, ಸೊಲ್ಲಾಪುರದಿಂದ ಜನ ಬಂದರು. ಊರಿನ ಹೊರಗಿದ್ದ ನಾವು ಕೂತಲ್ಲಿಂದ ಒಂದು ಗೇಣು ಸರಿಯದೆ ಊರಿನ ನಡುವೆ ಬಂದುಬಿಟ್ಟಿದ್ದೆವು. ಅಷ್ಟರಲ್ಲಿ ಶಿವಶಂಕರಪ್ಪನವರು ತೀರಿಕೊಂಡು ಅವರ ಮಗ ವೈಜಿನಾಥ ಗದ್ದಿಗೆ ಏರಿದ್ದ. ಕೆಟ್ಟವನೇನೂ ಅಲ್ಲ. ಅಪ್ಪನಂತೆ ನಗುತ್ತಿದ್ದ, ಅಪ್ಪನಂತೆಯೇ ವೀಳ್ಯ ಕೊಡುತ್ತಿದ್ದ. ಲೆಕ್ಕ ಮಾತ್ರ ಅಪ್ಪನಿಗಿಂತ ಚೆನ್ನಾಗಿ ಬರುತ್ತಿತ್ತು.

ಒಂದು ಮಹಾನವಮಿಗೆ ಮುಂಚೆ ಅವನೇ ಓಣಿಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತ.

“ನಮ್ಮ ಅಟ್ಟದಾಗ ಕಂಬಳಿ ತುಂಬಿ ತುಳುಕ್ಯಾವ. ನುಸಿ ತಿನ್ನಾಕ ಹತ್ಯಾವ. ಈ ವರ್ಷದಿಂದ ಕಂಬಳಿ ಬ್ಯಾಡ, ಒಂದೀಟು ರೊಕ್ಕ ಕೊಡ್ರಿ ಸಾಕು. ನಿಮಗೂ ಹಗುರ, ನನಗೂ ಹಗುರ,” ಅಂದ.

ಅವನು ಹೇಳಿದ ಬಾಡಿಗೆ ಕಂಬಳಿ ಮಾರಿದರೆ ಬರುವ ಹಣಕ್ಕಿಂತ ಕಡಿಮೆಯೇ ಇತ್ತು. ಓಣಿಗೆ ಹಬ್ಬ ಬಂದಂತಾಯಿತು. ಎದುರು ಮನೆಯ ಬಕ್ಕಪ್ಪ ಆ ಸಂಜೆಯೇ ಬಾಡಿಗೆ ಕಂಬಳಿಯನ್ನು ಗಂಜಿನಲ್ಲಿ ಮಾರಿ, ಹೆಂಡತಿ ಮೋನಮ್ಮನಿಗೆ ಬಳೆ ತಂದ. ಎಲ್ಲರೂ ಒಪ್ಪಿದರು, ನಮ್ಮಜ್ಜಿಯೊಬ್ಬಳನ್ನು ಬಿಟ್ಟು.

“ಕಂಬಳಿ ನಮ್ಮತ್ತಿ ಕಾಲದಾಗ ಎಷ್ಟ ಮೊಳ ಇತ್ತೋ ಈಗೂ ಅಷ್ಟ ಅದ,” ಅಂದಳಂತೆ ಓಣಿಯವರ ಮುಂದೆ. “ರೊಕ್ಕ ಹಾಂಗಲ್ಲ. ಅದು ಗಂಜಿನಾಗ ಬೆಳೀತದ. ಅಲ್ಲಿ ಬೆಳದಿದ್ದು ಇಲ್ಲಿ ನಮ್ಮ ಮನಿಗೆ ಬಂದು ಕೇಳ್ತದ.”

ಬಕ್ಕಪ್ಪ ನಕ್ಕ. “ಗುಂಡಕ್ಕಾ, ನಿನಗ ಕಂಬಳಿ ಹಾಸಿ ಹಾಸಿ ರೂಢಿ ಬಿದ್ದದ. ನೇದು ಸಾಯಿ, ನಾವೇನು ಬ್ಯಾಡ ಅಂದೇವೇನು?”

ನನ್ನ ತಂದೆಯೂ ನಕ್ಕವರ ಸಾಲಿನಲ್ಲಿ ಇದ್ದ. ಇದನ್ನು ಅವನು ಹೇಳಲಿಲ್ಲ, ಅಜ್ಜಿ ಹೇಳಿದ್ದು.

ಮಹಾನವಮಿಯ ದಿನ ಅಜ್ಜಿ ಒಬ್ಬಳೇ ಹೋಗಿ ಸಾಹುಕಾರರ ಪಡಸಾಲೆಯಲ್ಲಿ ಕಂಬಳಿ ಹಾಸಿದಳು. ವೈಜಿನಾಥ ಕೂರಲಿಲ್ಲ. ಆಳಿಗೆ ಏನೋ ಹೇಳುವವನಂತೆ ಮುಖ ತಿರುಗಿಸಿದ. ಅಜ್ಜಿ ಹೋಗಲಿಲ್ಲ, ಹಾಸಿದ ಕಂಬಳಿಯ ಅಂಚಿಗೆ ನಿಂತೇ ಇದ್ದಳು. ಹಬ್ಬಕ್ಕೆ ಬಂದ ರೈತರು, ಅಡತಿಯವರು ಎಲ್ಲ ನೋಡುತ್ತಿದ್ದರು. ಕೊನೆಗೆ ಒಳಗಿನಿಂದ ಬಂದವರು ಸಾಹುಕಾರರ ತಾಯಿ ರುಕ್ಮಿಣಿಬಾಯಿ. ವಯಸ್ಸಾದ ಹೆಂಗಸು. ಗೋಡೆ ಹಿಡಿದು ನಡೆದು ಬಂದು ಕಂಬಳಿಯ ಮೇಲೆ ಕೂತರು.

“ನಿಮ್ಮಪ್ಪ ಕೂತ ಜಾಗಾ ಇದು,” ಅಂದರು ಮಗನಿಗೆ. “ಹಾಸಿದ್ದನ್ನ ಹಾಂಗ ಸುತ್ತಿ ಕಳಿಸಿದ್ರ ನಾಳೆ ನಿನ್ನ ಮಾತಿಗೆ ಯಾವ ರೈತ ಬೆಲ್ಲದ ಗಾಡಿ ತರ್ತಾನ? ವೀಳ್ಯ ತಾ.”

ಅದು ತಾಯಿಯ ಸಿಟ್ಟು ಮಾತ್ರವಲ್ಲ, ವ್ಯಾಪಾರದ ಬುದ್ಧಿಯೂ ಆಗಿತ್ತು. ವೈಜಿನಾಥ ವೀಳ್ಯ ತಂದ. ಮುಂದಿನ ವರ್ಷಗಳಲ್ಲಿ ಗೊಣಗುತ್ತಲೇ ತಾನೇ ಕೂತ. ಒಂದು ಮನೆಯ ಕಂಬಳಿಯಿಂದ ಅವನಿಗೇನೂ ನಷ್ಟವಿರಲಿಲ್ಲ.

ಅಜ್ಜಿ ಹೇಳಿದ್ದು ಹಾಗೇ ನಡೆಯಿತು. ಗಂಜಿನಲ್ಲಿ ಹೊಸ ಅಂಗಡಿ ತೆರೆದಾಗೆಲ್ಲ ಓಣಿಯ ಬಾಡಿಗೆ ಏರಿತು. ವೈಜಿನಾಥ ಯಾರನ್ನೂ ಕುತ್ತಿಗೆ ಹಿಡಿದು ನೂಕಲಿಲ್ಲ. ನೂಕಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು, ನಾಲ್ಕು ಜನ ಸೇರಿ ಬೈಯಬಹುದಿತ್ತು. ಅವನು ಬಂದು, ಕುಶಲ ಕೇಳಿ, ನೀರು ಕುಡಿದು, “ಊರಾಗೆಲ್ಲ ಈಗ ಇದ ಕಿರಾಯಿ ನಡದದ, ನಾ ಏನ್ ಮಾಡ್ಲಿ?” ಅನ್ನುತ್ತಿದ್ದ. ಊರಿಗೆಲ್ಲ ಬಾಡಿಗೆ ಹೇಳುತ್ತಿದ್ದವನು ಅವನೇ ಅಲ್ಲವೇ ಎಂದು ನಾನಾಗಿದ್ದರೆ ಕೇಳುತ್ತಿದ್ದೆ.

ಮೊದಲು ಮೂಲೆಮನೆಯವರು ಕುರಿ ಮಾರಿ ಬಾಡಿಗೆ ಕಟ್ಟಿದರು. ಕುರಿ ಮುಗಿದ ಮೇಲೆ ನಾರಾಯಣಖೇಡದ ಕಡೆ ಹೋದರು. ಆ ಮನೆಯನ್ನು ವೈಜಿನಾಥ ಕೆಡವಿ ಕಲ್ಲಿನ ಗೋಡೆ ಎಬ್ಬಿಸಿ ಬೆಲ್ಲದ ದಲಾಲಿ ತುಳಜಪ್ಪನಿಗೆ ಕೊಟ್ಟ. ತುಳಜಪ್ಪನಿಗೆ ಉಣ್ಣೆಯ ವಾಸನೆ ಆಗುತ್ತಿರಲಿಲ್ಲ. ಗಂಜಿಯ ವಾಸನೆಯೂ ಆಗದು. ಕುರಿಗಳ ಓಣಿಗೆ ಬಂದು ಕುರಿಯ ವಾಸನೆ ಎಂದು ಮೂಗು ಹಿಡಿದ. ಕಂಬಳಿಯಲ್ಲಿ ಉಣ್ಣಲು ಕೂತವರು ಕೂದಲು ಸಿಕ್ಕಿತು ಅಂದರೆ ಹೇಗೆ? ಆದರೂ ಅವನ ಮಾತೇ ನಡೆಯಿತು, ಯಾಕೆಂದರೆ ಅವನು ಮೂರು ಮನೆಗಳಷ್ಟು ಬಾಡಿಗೆಯನ್ನು ಒಬ್ಬನೇ ಕೊಡುತ್ತಿದ್ದ. ಕುರಿಗಳನ್ನು ಹಗಲು ಓಣಿಯಲ್ಲಿ ನಿಲ್ಲಿಸಬಾರದು ಎಂದಾಯಿತು. ಬೆಲ್ಲದ ಗಾಡಿಗಳು ಓಣಿಯೊಳಗೇ ಬರತೊಡಗಿದವು. ಗಾಡಿ ಬಂದಾಗೆಲ್ಲ ಹಾಸು ಎತ್ತಬೇಕು.

ಬಕ್ಕಪ್ಪ ಹೋದ ದಿನ ಅಜ್ಜಿ ಊಟ ಮಾಡಲಿಲ್ಲ. ಅವನೂ ಮೋನಮ್ಮನೂ ತಾಂಡೂರಿಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗೆ ಹೊರಟರು. ಮಗ್ಗದ ಕಟ್ಟಿಗೆಯನ್ನು ತಲೆಯ ಮೇಲೆ ಹೊತ್ತಿದ್ದ ಬಕ್ಕಪ್ಪ, ಗಣಿಯಲ್ಲಿ ಅದನ್ನು ಎಲ್ಲಿ ಹೂಡುತ್ತಾನೆಂದು ಯಾರೂ ಕೇಳಲಿಲ್ಲ. ಮೋನಮ್ಮ ಅಜ್ಜಿಯ ಕೈ ಹಿಡಿದುಕೊಂಡು, “ಅಕ್ಕಾ, ನೀ ಹೇಳಿದ್ದಿ,” ಅಂದಳು. ಹೇಳಿದ್ದೆ ಎಂದು ಅಜ್ಜಿ ಅನ್ನಲಿಲ್ಲ. ಹೇಳಿದ್ದು ನಿಜವಾದರೆ ಯಾರಿಗೆ ಸಂತೋಷ?

ಕೊನೆಗೆ ಓಣಿಯಲ್ಲಿ ಉಳಿದದ್ದು ನಮ್ಮದೊಂದೇ ಮನೆ. ಹಟ ಮಾಡಿದವಳು ಗೆದ್ದಳು ಎಂದು ಊರು ಹೊಗಳಿತು. ಆ ಸುಗ್ಗಿಯಲ್ಲಿ ಅಜ್ಜಿ, ನನ್ನ ತಂದೆ, ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ತಾಯಿ ಮೂವರೇ ಸೇರಿ ಹಾಸು ಎಳೆದರು. ಗಂಜಿ ಒಂದು ಕಡೆ ಬಳಿಯುವಷ್ಟರಲ್ಲಿ ಇನ್ನೊಂದು ಕಡೆ ಒಣಗಿ ಕಟ್ಟಿಗೆಯಾಯಿತು. ಅಷ್ಟರಲ್ಲಿ ಬೆಲ್ಲದ ಗಾಡಿ ಬಂತು. ಎತ್ತು ಬೆದರಿ ನೂಲಿಗೆ ನುಗ್ಗಿತು. ಹಾಸು ನಡುವೆ ಹರಿದು ಧೂಳಿಗೆ ಬಿತ್ತು. ಗಾಡಿಯವನು ಪಾಪ ಕೈ ಮುಗಿದ. ಅಜ್ಜಿ ಅವನಿಗೆ ಬೈಯಲಿಲ್ಲ. ಬೀದಿಯಲ್ಲೇ ಕೂತು ಅತ್ತಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ ಎಂದು ತಾನೇ ನನಗೆ ಹೇಳಿದ್ದಾಳೆ. ಮನೆ ಉಳಿಸಿಕೊಂಡೆ, ಮಂದಿ ಹೋದರು, ಇನ್ನು ಈ ಮನೆ ಇಟ್ಟುಕೊಂಡು ಏನು ನೆಕ್ಕಲಿ ಅನ್ನಿಸಿತಂತೆ.

ಆ ತಿಂಗಳೇ ವೈಜಿನಾಥ ಬಂದ. ಓಣಿಯನ್ನೆಲ್ಲ ಕೂಡಿಸಿ ದೊಡ್ಡ ಗೋದಾಮು ಕಟ್ಟಬೇಕಾಗಿತ್ತು, ಅದರ ನಟ್ಟ ನಡುವೆ ನಮ್ಮ ಮನೆ. ಕಚೇರಿಗೆ ಹೋಗಿ ಅಮೀನನನ್ನು ಕರೆಸಿದ್ದರೆ ನಮ್ಮನ್ನು ಎಬ್ಬಿಸುವುದು ಕಷ್ಟವಿರಲಿಲ್ಲ. ಆದರೆ ವರ್ಷ ವರ್ಷವೂ ಊರ ಮುಂದೆ ಕಂಬಳಿಯ ಮೇಲೆ ಕೂತವನು ಅವನೇ.

“ಸ್ಟೇಷನ್ ಆಚೀ ಕಡೀಗಿ ನಂದೊಂದು ಫರ್ಸಿ ಹಾಸಿದ ಮನಿ ಅದ, ಗುಂಡಮ್ಮ. ನಿನ್ನ ಹೆಸರೀಗೇ ಬರದು ಕೊಡ್ತೀನಿ. ಕಂಬಳಿ ಬ್ಯಾಡ, ಕಿರಾಯಿ ಬ್ಯಾಡ. ಈ ಮನಿ ಬಿಟ್ಟ ಕೊಡು,” ಅಂದ.

“ಮಾನೋಮಿಗೆ ಹೇಳ್ತೀನ್ರಿ,” ಅಂದಳು ಅಜ್ಜಿ.

ಆ ಮನೆಯನ್ನು ನನ್ನ ತಂದೆ ಹೋಗಿ ನೋಡಿ ಬಂದ. ಕಲ್ಲಿನ ಗೋಡೆ, ಹಿತ್ತಿಲಲ್ಲಿ ಬಾವಿ, ಮಳೆಗೆ ಸೋರದ ಮಾಳಿಗೆ. ಹುಟ್ಟಿದಾಗಿನಿಂದ ಗುಡಿಸಲು ಕಂಡವನಿಗೆ ಎದೆ ಅರಳದೆ ಇರುತ್ತದೆಯೇ? “ಹೂಂ ಅನ್ನು ಅವ್ವಾ, ನಮ್ಮ ನಸೀಬ ತೆರದದ,” ಎಂದು ಅವ್ವನ ಬೆನ್ನು ಬಿದ್ದ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ರೊಟ್ಟಿ ಕಟ್ಟಿಕೊಂಡು, ಯಾವ ರೈಲು ತನ್ನ ಓಣಿಯನ್ನು ನುಂಗಿತ್ತೋ ಅದೇ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು ಬೇರೆ ಗಾಡಿ ಹಿಡಿದು ತಾಂಡೂರಿಗೆ ಹೋದಳು.

ಗಣಿಯ ಹತ್ತಿರ ಬಕ್ಕಪ್ಪನ ಜೋಪಡಿ ಸಿಕ್ಕಿತು. ಕಲ್ಲಿನ ಪುಡಿಯಿಂದ ಅವನ ಹುಬ್ಬು ಬೆಳ್ಳಗಾಗಿತ್ತು. ಮೋನಮ್ಮನ ಅಂಗೈ ಒಡೆದು ಎಳೆ ಹಿಡಿಯಲಾಗದಂತಾಗಿತ್ತು. ಮಗ್ಗದ ಕಟ್ಟಿಗೆಯನ್ನು ಒಲೆಗೆ ಹಾಕಿರಲಿಲ್ಲ, ಜೋಪಡಿಯ ಸೂರಿಗೆ ಸಿಕ್ಕಿಸಿದ್ದರು.

ಅಜ್ಜಿ ಬಂದ ಕೆಲಸವನ್ನು ನೇರ ಕೇಳಿದಳು. “ಬೀದಿ ಸಿಕ್ರ ಬರ್ತೀರೇನು? ಮನಿ ಇಲ್ಲ ಮತ್ತ, ಬರೇ ಬೀದಿ.”

ಬಕ್ಕಪ್ಪ ಬಾಯಿ ಬಿಡುವ ಮೊದಲೇ ಮೋನಮ್ಮ ಹೇಳಿದಳು. “ಹಾಸು ಎಳಿಯುವಷ್ಟು ಜಾಗಾ ತೋರ್ಸಕ್ಕಾ. ಮನಿ ನಾವ ಕಟ್ಕೋತೀವಿ.”

ಅಲ್ಲಿಂದ ನಾರಾಯಣಖೇಡಕ್ಕೂ ಹೋದಳು. ಉಳಿದ ಓಣಿಯವರು ಎಲ್ಲೆಲ್ಲಿದ್ದರೋ ಅಲ್ಲಿಗೆಲ್ಲ ಹೇಳಿ ಕಳಿಸಿದಳು. ಮನೆಗೆ ಬಂದು ಮಗನಿಗೆ ಏನೂ ಹೇಳಲಿಲ್ಲ.

ಮಹಾನವಮಿ ಬಂತು. ಅಜ್ಜಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಸಾಹುಕಾರರ ಪಡಸಾಲೆಗೆ ಹೋದಳು. ಹಿಂದೆ ನನ್ನ ತಂದೆಯೂ ಹೋದ, ಮನೆಯ ಕೀಲಿಕೈ ಅವತ್ತೇ ಸಿಗುತ್ತದೆಂದು. ಅವಳು ಕಂಬಳಿ ಹಾಸಲಿಲ್ಲ.

“ಯಾಕ, ಹಾಸಂಗಿಲ್ಲೇನು?” ಕೇಳಿದ ವೈಜಿನಾಥ. “ಹಾಂಗಾರ ಆ ಮನಿ ಪಸಂದ ಬಂತು ಅನ್ನು.”

“ಮನಿ ಛಲೋ ಅದರಿ. ಕಾಶಪ್ಪ ನೋಡಿ ಬಂದಾನ. ಆದ್ರ ನನಗ ಆ ಮನಿ ಬ್ಯಾಡ್ರಿ, ಬೀದಿ ಬೇಕು.”

ಅವನಿಗೆ ಅರ್ಥವಾಗಲಿಲ್ಲ. ಅಜ್ಜಿ ಬಿಡಿಸಿ ಹೇಳಿದಳು. ಝರಾಸಂಗಮ್ಮಿನ ದಾರಿಯಲ್ಲಿ ಅವನದೊಂದು ಗರಸು ನೆಲವಿತ್ತು, ಬಿತ್ತಿದ ಜೋಳವೂ ವಾಪಸು ಬಾರದಂಥದ್ದು. ಆ ನೆಲವನ್ನು ಹಳೆಯ ಓಣಿಯವರಿಗೆಲ್ಲ ಬಿಡಬೇಕು. ಬಾಡಿಗೆ ಮನೆಗೊಂದು ಕಂಬಳಿ, ಅಪ್ಪನ ಕಾಲದ ಹಾಗೆ. ಅದು ಅವನ ಕಾಲಕ್ಕೂ, ಅವನ ಮಕ್ಕಳ ಕಾಲಕ್ಕೂ ನಡೆಯಬೇಕು. ಆ ಮಾತು ಕೊಟ್ಟರೆ ನಾಳೆಯೇ ಮನೆ ಖಾಲಿ.

ವೈಜಿನಾಥ ಬೆರಳ ಗೆಣ್ಣು ಎಣಿಸಿದ. ಅವನಿಗೆ ಲೆಕ್ಕ ಬರುತ್ತಿತ್ತು ಎಂದೆನಲ್ಲ. “ಊರು ಹೀಂಗ ಬೆಳದ್ರ ಆ ಗರಸಿಗೂ ಒಂದಿನ ರೇಟು ಬರ್ತದ, ಗುಂಡಮ್ಮ.”

“ಬರ್ತದ ಅಂತನ ಕಂಬಳಿ ಅನ್ನಾಕ ಹತ್ತೀನ್ರಿ.”

ಪಡಸಾಲೆಯಲ್ಲಿದ್ದ ರೈತರು ನಕ್ಕರು. ವೈಜಿನಾಥನಿಗೂ ನಗು ಬಂತು. ಬೆಲ್ಲದ ಹಂಗಾಮು ಬಾಗಿಲಿಗೆ ಬಂದಿತ್ತು, ಗೋದಾಮು ಅಷ್ಟರೊಳಗೆ ಏಳಬೇಕಿತ್ತು. ಗರಸು ನೆಲ ಅವನಿಗೆ ಅವತ್ತು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಇದೂ ಒಂದು ಲೆಕ್ಕವೇ. ಅವನು ಒಳ್ಳೆಯ ಮನಸ್ಸಿನಿಂದ ಕೊಟ್ಟನೋ ಅವಸರಕ್ಕೆ ಕೊಟ್ಟನೋ ನನಗೆ ಬೇಡ. ಕೊಟ್ಟ.

“ಮತ್ತ ನಿನಗೇನು? ಅವರಿಗೆಲ್ಲ ಕೇಳಿದಿ. ಆ ಫರ್ಸಿ ಮನಿ?”

“ಎಲ್ಲಾರಿಗಿ ಬಂದಿದ್ದು ನನಗೂ ಬರ್ತದರಿ.”

ಆಗ ಹೆಗಲಿನ ಕಂಬಳಿ ತೆಗೆದು ಹಾಸಿದಳು. ವೈಜಿನಾಥ ಕೂತು, ಮಕ್ಕಳ ಕಾಲದವರೆಗೆ ಎಂದು ಎಲ್ಲರೂ ಕೇಳುವಂತೆ ಹೇಳಿ ವೀಳ್ಯ ಕೊಟ್ಟ. ನನ್ನ ತಂದೆ ಅದನ್ನು ನೋಡಲು ನಿಲ್ಲಲಿಲ್ಲ, ಆಗಲೇ ಹೊರಗೆ ಹೋಗಿದ್ದ. ಅವತ್ತಿನಿಂದ ಅವ್ವನ ಜೊತೆ ಮಾತು ಬಿಟ್ಟ. ಒಂದೇ ಒಲೆಯ ರೊಟ್ಟಿ ತಿಂದು, ಒಂದೇ ಕೊಡದ ನೀರು ಕುಡಿದು, ಮಾತು ಮಾತ್ರ ಹೆಂಡತಿಯ ಮೂಲಕ.

ಓಣಿಯವರು ಬಂದರು. ಎಲ್ಲರೂ ಬರಲಿಲ್ಲ. ಹೈದರಾಬಾದಿಗೆ ಹೋದ ಮೂರು ಮನೆಯವರ ಪತ್ತೆಯೇ ಆಗಲಿಲ್ಲ, ಮೂಲೆಮನೆಯ ಯಜಮಾನ ನಾರಾಯಣಖೇಡದಲ್ಲಿ ತೀರಿಕೊಂಡಿದ್ದ, ಅವನ ಮಕ್ಕಳಿಗೆ ನೇಯ್ಗೆ ಬೇಡವಾಗಿತ್ತು. ಅಜ್ಜಿ ಬದುಕಿರುವವರೆಗೂ ಅವರ ಹೆಸರು ಬಂದಾಗ ಅವಳ ದನಿ ಇಳಿಯುತ್ತಿತ್ತು. ಬಂದದ್ದು ನಮ್ಮದೂ ಸೇರಿ ಎಂಟು ಮನೆ. ಬಕ್ಕಪ್ಪ ಬಂದವನು ಅಜ್ಜಿಯ ಮುಖ ನೋಡದೆ ನೆಲ ಕೆರೆಯುತ್ತ ನಿಂತ.

“ಅವತ್ತ ನಕ್ಕಿದ್ದಿಯಲ್ಲ, ಈಗ ನಗು,” ಅಂದಳು ಅಜ್ಜಿ. “ಆದ್ರ ಕೈಯಾಗ ಹಾಸು ಹಿಡಕೊಂಡು ನಗು. ಇನ್ನೊಂದು ಮಾತು. ಸಾವ್ಕಾರ್ರು ಬಂದು ರೊಕ್ಕ ಕೊಡ್ರಿ ಅಂದ್ರೂ ಸೈ, ನಮಗ ಹಗುರ ಅದ ಅಂತ ನಿಮಗ ಅನಸಿದ್ರೂ ಸೈ, ಈ ಬೀದಿಯಾಗ ಯಾರೂ ರೊಕ್ಕ ಕೊಡಬಾರದು. ಕೊಟ್ಟವ್ರ ಹಾಸು ಎಳಿಯಾಕ ಯಾರೂ ಕೈ ಹಚ್ಚಬಾರದು.”

ಎಲ್ಲರೂ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿ ಹೂಂ ಅಂದರು.

ಮನೆಗೆ ಗೆರೆ ಹಾಕುವ ಮೊದಲು ಹಾಸು ಎಳೆದರು. ಗರಸಿನ ಮೇಲೆ ಎರಡು ಗೂಟ ಹೊಡೆದು, ಬಯಲಿನ ನಡುವೆ ನೂಲು ಬಿಗಿದು, ಅದರ ಎರಡೂ ಬದಿಗೆ ಎಷ್ಟು ದೂರ ಬಿಟ್ಟರೆ ಗಂಜಿ ಬಳಿಯುವವರು ಸಲೀಸಾಗಿ ಓಡಾಡುತ್ತಾರೋ ಅಷ್ಟು ಬಿಟ್ಟು ಮನೆಗಳಿಗೆ ಗುರುತು ಮಾಡಿದರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ತಲೆಯ ಮೇಲೆ ಸೂರಿಲ್ಲ, ಒಲೆಯಿಲ್ಲ, ಬಯಲಲ್ಲಿ ನೂಲು ಕಟ್ಟಿಕೊಂಡು ಕುಣಿಯುತ್ತಾರೆ, ಹುಚ್ಚು ಹಿಡಿದಿದೆ ಅಂದರಂತೆ. ಅನ್ನಲಿ. ನಮ್ಮ ಓಣಿಯಷ್ಟು ನೆಟ್ಟಗಿನ ಬೀದಿ ಆ ಕಾಲದ ಜಹೀರಾಬಾದಿನಲ್ಲಿ ಎಲ್ಲೂ ಇರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಯಾರಿಗೆ ಯಾವ ಜಾಗ ಎಂಬ ಮಾತು ಬಂದಾಗ ಎಲ್ಲರೂ ಆರಿಸಿಕೊಳ್ಳಲಿ ಎಂದಳು ಅಜ್ಜಿ. ಕೊನೆಗೆ ಉಳಿದದ್ದು ಹಳ್ಳದ ಕಡೆಯ ಇಕ್ಕಟ್ಟಿನ ಮೂಲೆ, ಅದೇ ನಮ್ಮದಾಯಿತು. ಉಳಿದವರ ಗೋಡೆಗಳು ಎದ್ದವು. ನಮ್ಮದು ಮಾತ್ರ ಮೊಳಕಾಲಿನೆತ್ತರಕ್ಕೆ ನಿಂತಿತು. ಅಜ್ಜಿ ಹಗಲೆಲ್ಲ ಬೇರೆಯವರ ಮನೆಗೆ ಮಣ್ಣು ತುಳಿಯುತ್ತಿದ್ದಳು. ತಂದೆ ಸಿಟ್ಟಿನಿಂದ ನಮ್ಮ ಗೋಡೆಯನ್ನು ಒಬ್ಬನೇ ಕಟ್ಟುತ್ತಿದ್ದ, ಯಾರನ್ನೂ ಕರೆಯುತ್ತಿರಲಿಲ್ಲ. ನನ್ನ ತಾಯಿ ಆಗ ಬಸುರಿ.

ದೀಪಾವಳಿ ಕಳೆದು ಚಳಿ ಶುರುವಾಯಿತು. ಒಂದು ಬೆಳಿಗ್ಗೆ ತಂದೆ ಹಳ್ಳದಿಂದ ಎರಡು ಕೊಡ ನೀರು ಹೊತ್ತು ಬಂದಾಗ ಮೂಲೆಯಲ್ಲಿ ಜಾತ್ರೆ ನೆರೆದಿತ್ತು. ಏಳೂ ಮನೆಯ ಗಂಡಸರು, ಹೆಂಗಸರು ನಮ್ಮ ಗೋಡೆಗೆ ಕೈ ಹಚ್ಚಿದ್ದರು. ಬಕ್ಕಪ್ಪ ತಾಂಡೂರಿನಲ್ಲಿ ಕಲಿತದ್ದು ವ್ಯರ್ಥವಾಗಬಾರದೆಂದು ಬಾಗಿಲಿಗೆ ಕಲ್ಲು ಕೂರಿಸುತ್ತಿದ್ದ. ಮೋನಮ್ಮ ಮಣ್ಣಿನ ಉಂಡೆ ಎತ್ತಿ ಕೊಡುತ್ತಿದ್ದಳು. ಯಾರೂ ತಂದೆಯನ್ನು ಕೇಳಿರಲಿಲ್ಲ, ಅವನೂ ಯಾರನ್ನೂ ಕರೆದಿರಲಿಲ್ಲ.

ತಂದೆ ಕೊಡ ಇಳಿಸಿದ. ಆಮೇಲೆ ಗೋಡೆಯ ಆಚೆಗಿದ್ದ ಅಜ್ಜಿಯ ಹತ್ತಿರ ಹೋದ. ಮಹಾನವಮಿಯಿಂದ ಮಾತಾಡದವನು ಮಾತಾಡಿದ.

“ಅವ್ವಾ, ಆ ಫರ್ಸಿ ಮನಿಗೆ ಇಷ್ಟ ಮಂದಿ ಬರ್ತಿದ್ದಿಲ್ಲ.”

“ಬರ್ತಿದ್ದಿಲ್ಲ,” ಅಂದಳು ಅಜ್ಜಿ. “ನೀರು ಇತ್ಲಾಗ ತಾ, ಮಣ್ಣು ಒಣಗಾಕ ಹತ್ಯದ.”

ಸಂಜೆಗೆ ಗೋಡೆಗಳ ಮೇಲೆ ಮಾಳಿಗೆ ಏರಿತು. ಆ ಓಣಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಮನೆ ಅದು. ಮುಂದಿನ ತಿಂಗಳು ನಾನು ಹುಟ್ಟಿದ್ದು ಅದರಲ್ಲೇ. ನನ್ನನ್ನು ಮೊದಲು ಎತ್ತಿಕೊಂಡದ್ದು ಮೋನಮ್ಮನ ಒಡೆದ ಕೈ.